ಗಡಿಗೆಯ ಮೊದಲ ಗುರಿ

ಗಡಿಗೆಯ ಕೈಪಿಡಿ ತೆರೆದರೆ ಮೊದಲ ಪುಟದಲ್ಲೇ ಮೂರು ಗುರಿಗಳು ಕಾಣುತ್ತವೆ. ಬಂದ ಪಾತ್ರೆ ಖಾಲಿ ಮರಳಬಾರದು. ಹೊಲಿಗೆ ಹೊರಗೆ ಕಾಣಬಾರದು. ಕೆಲಸ ನಡುವೆ ನಿಲ್ಲಬಾರದು. ಮೂರನ್ನೂ ಬರೆದವಳು ನಾನೇ. ಬರೆದ ದಿನ ಎಷ್ಟು ಹಿಗ್ಗಿದ್ದೆನೆಂದರೆ, ಆ ಪುಟದ ಒಂದು ಪ್ರತಿ ತೆಗೆಸಿ, ಲ್ಯಾಮಿನೇಶನ್ ಮಾಡಿಸಿ, ಅಡುಗೆಮನೆಯ ಗೋಡೆಗೆ ತೂಗುಹಾಕಿದ್ದೆ. ಈಗ ಅಲ್ಲಿ ಮೊಳೆ ಮಾತ್ರ ಇದೆ.

ಗಡಿಗೆ ಎಂದರೆ ಕುಂಬಾರರದಲ್ಲ. ಅದೊಂದು ಲೈಬ್ರರಿ. ಪುಸ್ತಕದ್ದೂ ಅಲ್ಲ, ಬೇರೆಯವರು ತಮ್ಮ ಪ್ರೋಗ್ರಾಮ್ ಬರೆಯುವಾಗ ಸಿದ್ಧವಾಗಿ ಎತ್ತಿಕೊಂಡು ಬಳಸುವ ಕೋಡಿನ ಕಟ್ಟು. ಲಕ್ಷಗಟ್ಟಲೆ ಅಂಕಿಗಳನ್ನು ಅದರೊಳಗೆ ಸುರಿದರೆ ಸಾಲಾಗಿ ಜೋಡಿಸುತ್ತದೆ, ಸರಾಸರಿ ತೆಗೆಯುತ್ತದೆ, ಎಲ್ಲಿ ಏರಿತು ಎಲ್ಲಿ ಇಳಿಯಿತು ಎಂದು ಹೇಳುತ್ತದೆ. ನಾನು ಕಾಲೇಜಿನಲ್ಲಿ ಇದನ್ನೆಲ್ಲ ಕಲಿತವಳಲ್ಲ. ಗದಗಿನ ಒಂದು ಡಿಟಿಪಿ ಅಂಗಡಿಯಲ್ಲಿ ಕೂತು ಪರರ ಪ್ರಬಂಧಗಳನ್ನು ಟೈಪ್ ಮಾಡುತ್ತ ಮಾಡುತ್ತ, ಅವರ ಕೋಷ್ಟಕಗಳು ಯಾಕೆ ಕೂಡುವುದಿಲ್ಲ ಎಂದು ತಲೆ ಕೆಡಿಸಿಕೊಳ್ಳುತ್ತ ಕಲಿತದ್ದು. ಆಗಿನ ಪ್ರೋಗ್ರಾಮುಗಳಿಗೆ ಒಂದೇ ಒಂದು ಚೌಕ ಖಾಲಿ ಸಿಕ್ಕರೂ ಸಿಟ್ಟು ಬರುತ್ತಿತ್ತು. ಕೆಂಪು ಅಕ್ಷರದಲ್ಲಿ ಬೈದು ನಿಂತುಬಿಡುತ್ತಿದ್ದವು. ನಾಳೆ ಪ್ರಬಂಧ ಒಪ್ಪಿಸಬೇಕಾದ ಹುಡುಗಿಯರು ನನ್ನ ಕುರ್ಚಿಯ ಪಕ್ಕ ನಿಂತು ಕಣ್ಣೊರೆಸಿಕೊಳ್ಳುವುದನ್ನು ನೋಡಿ ನೋಡಿ, ಯಾರನ್ನೂ ಬೈಯದ ಲೈಬ್ರರಿಯೊಂದನ್ನು ಬರೆಯಬೇಕು ಎಂದುಕೊಂಡೆ.

ಮೊದಲ ಗುರಿ ಮಾತ್ರ ಅಂಗಡಿಯಿಂದಲ್ಲ, ಓಣಿಯಿಂದ ಬಂದದ್ದು. ನಮ್ಮ ಕಡೆ ನೆರೆಮನೆಯಿಂದ ಡಬರಿಯಲ್ಲಿ ಪಲ್ಯ ಬಂದರೆ, ಆ ಡಬರಿಯನ್ನು ತೊಳೆದು ಖಾಲಿ ಕೊಡುವ ರೂಢಿಯಿಲ್ಲ. ಮಾಡಿದ್ದು ಏನಾದರೂ ಇದ್ದರೆ ಅದು, ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಹಾಕಿಯೇ ಕೊಡಬೇಕು. ನಾನೂ ಮೂರು ಮನೆ ಆಚೆಯ ಗುರವ್ವಕ್ಕನೂ ಮೂವತ್ತು ವರ್ಷ ಹೀಗೆ ಡಬರಿ ಆಡಿಸಿದ್ದೇವೆ. ಹಾಗಾಗಿ ಖಾಲಿ ಚೌಕ ಸಿಕ್ಕರೆ ಏನು ಮಾಡಬೇಕು ಎಂಬ ಪ್ರಶ್ನೆ ಬಂದಾಗ ನಾನು ಎರಡನೇ ಸಲ ಯೋಚಿಸಲಿಲ್ಲ. ಗಡಿಗೆ ಅದರ ಮೇಲಿನ ಸಾಲನ್ನೂ ಕೆಳಗಿನ ಸಾಲನ್ನೂ ನೋಡಿ, ಎರಡರ ನಡುವಿನ ಅಂಕಿಯನ್ನು ಅಲ್ಲಿಟ್ಟು ಮುಂದೆ ಹೋಗುತ್ತದೆ. ಬಿಸಿಲಿಗೆ, ಸಂತೆಯ ದರಕ್ಕೆ ಇದು ಚೆನ್ನಾಗಿಯೇ ಒಗ್ಗುತ್ತಿತ್ತು. ನಿನ್ನೆಯ ಬಿಸಿಲಿಗೂ ನಾಳೆಯ ಬಿಸಿಲಿಗೂ ನಡುವೆಯೇ ಇವತ್ತಿನದು ಇರುತ್ತದಲ್ಲ. ತುಂಬಿದ ಚೌಕಕ್ಕೆ ಯಾವ ಗುರುತನ್ನೂ ಇಡಲಿಲ್ಲ. ಅದು ಎರಡನೇ ಗುರಿ.

ರಾಯಚೂರಿನಿಂದ ಫರ್ಹಾನಾ ಎಂಬ ಸಂಶೋಧನಾ ವಿದ್ಯಾರ್ಥಿನಿ ಒಮ್ಮೆ ಬರೆದಿದ್ದಳು: ಮೇಡಮ್, ತುಂಬುವುದಾದರೆ ತುಂಬಿರಿ, ತುಂಬಿದ ಕಡೆ ಒಂದು ಗುರುತು ಇಡಿ, ಬೇಕಾದವರು ನೋಡಿಕೊಳ್ಳುತ್ತಾರೆ. ನಾನು ಎಲ್ಲರೂ ಓದುವ ಪುಟದಲ್ಲೇ ಉತ್ತರ ಕೊಟ್ಟೆ. ನೆರೆಮನೆಯ ಡಬರಿಗೆ ಸಕ್ಕರೆ ಹಾಕುವವರು ಅದರ ಮೇಲೆ ಹೆಸರು ಬರೆದು ಕೊಡುವುದಿಲ್ಲ ತಂಗಿ, ಎಂದು. ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಮ್ಮೇಳನದಲ್ಲಿ ಆ ಮಾತನ್ನು ಚಹಾ ಕಪ್ಪಿನ ಮೇಲೆ ಅಚ್ಚು ಹಾಕಿ ಹಂಚಿದರು. ಫರ್ಹಾನಾ ಮತ್ತೆ ಬರೆಯಲಿಲ್ಲ. ನನಗೆ ಅದು ಗೆಲುವಿನಂತೆ ಕಂಡಿತ್ತು.

ಆಮೇಲೆ ಉಸಿರುಕಂಬಗಳು ಬಂದವು.

ಈಗ ಅವು ಯಾರಿಗೂ ಹೊಸದಲ್ಲ. ಹತ್ತಿ ಬೀಜ ಬಿಡಿಸಿ ಅರಳೆ ಮಾಡುವ ಜಿನ್ನಿಂಗ್ ಮಿಲ್ಲು, ಕಲ್ಲಿನ ಕ್ವಾರಿ, ಸಿಮೆಂಟು ಕಾರ್ಖಾನೆ, ಎಲ್ಲಿ ಧೂಳಿದೆಯೋ ಅಲ್ಲಿ ಗೇಟಿನ ಬಳಿ ಒಂದು ಕಂಬ. ಕೆಲಸಕ್ಕೆ ಬಂದವರು ಕಾಗದದ ಕೊಳವೆ ಸಿಕ್ಕಿಸಿ ಆರು ಸೆಕೆಂಡು ಒಂದೇ ಸಮನೆ ಊದಬೇಕು. ಮೂರು ಸಲ ಅವಕಾಶ. ಅಂಕಿಗಳೆಲ್ಲ ಉಸಿರು ಕೇಂದ್ರಕ್ಕೆ ಹೋಗುತ್ತವೆ, ಅಲ್ಲಿ ಗಡಿಗೆ ಲೆಕ್ಕ ಮಾಡುತ್ತದೆ, ಮರುದಿನ ಅವರವರ ಕಾರ್ಡಿನ ಮೇಲೆ ಹಸಿರೋ ಕೆಂಪೋ ದೀಪ ಹೊತ್ತುತ್ತದೆ. ಮೂರು ವಾರ ಒಂದೇ ಸಮ ಕೆಂಪು ಬಂದವರನ್ನು ಧೂಳಿಲ್ಲದ ಕೆಲಸಕ್ಕೆ ಹಾಕಿ ಚಿಕಿತ್ಸೆ ಕೊಡಿಸಲೇಬೇಕು. ಅದು ಕಾನೂನು. ಯಾರೂ ಯಾರ ಮುಂದೆಯೂ ಗೋಗರೆಯಬೇಕಿಲ್ಲ. ನನ್ನ ಗಡಿಗೆ ಇಂಥ ಕೆಲಸಕ್ಕೆ ಬಂತಲ್ಲ ಎಂದು ನಾನು ಓಣಿಯ ತುಂಬ ಹೇಳಿಕೊಂಡು ತಿರುಗಿದ್ದೆ.

ಗುರವ್ವಕ್ಕನಿಗೂ ಹೇಳಿದ್ದೆ. ಅವಳು ಇಪ್ಪತ್ತೆರಡು ವರ್ಷದಿಂದ ಜಿನ್ನಿಂಗ್ ಮಿಲ್ಲಿನಲ್ಲಿ ಅರಳೆ ಆರಿಸುವವಳು. ಕಳೆದ ವರ್ಷ ಒಂದು ಸೋಮವಾರ ಮುಂಜಾನೆ, ಕೆಲಸಕ್ಕೆ ಹೊರಟವಳು ನಮ್ಮ ಕಟ್ಟೆಯ ಮೇಲೆ ಕೂತಳು. “ಇಂದೂ, ಸೋಮವಾರ ಬಂತಂದ್ರ ನನಗ...” ಎಂದು ನಿಲ್ಲಿಸಿದಳು. ನನಗೊಂದು ಚಟವಿದೆ. ಎದುರಿನವರು ಮಾತಿನ ನಡುವೆ ತಡೆದರೆ ಉಳಿದದ್ದನ್ನು ನಾನೇ ಮುಗಿಸಿಬಿಡುತ್ತೇನೆ.

“ಬ್ಯಾಸರಾ. ಯಾರಿಗಿಲ್ಲಕ್ಕಾ? ರವಿವಾರ ಆರಾಮ ಕುಂತ ಮೈ ಸೋಮವಾರ ಒಲ್ಲೆ ಅಂತೈತಿ,” ಎಂದೆ.

ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ನಕ್ಕು, ಹೌದೆನ್ನುವಂತೆ ತಲೆಯಾಡಿಸಿ ಎದ್ದುಹೋದಳು.

ಮುಂದೆ ಕೆಮ್ಮು ಜಾಸ್ತಿಯಾಯಿತು. ದವಾಖಾನೆಯಲ್ಲಿ ಡಾಕ್ಟರು ಕಾರ್ಡು ನೋಡಿ, ಹಸಿರಿದೆ, ಹೊಟ್ಟೆಯ ಆಮ್ಲ ಮೇಲೇರಿರಬೇಕು ಎಂದು ಗುಳಿಗೆ ಕೊಟ್ಟರಂತೆ. ಮಿಲ್ಲಿನಲ್ಲಿ ಕೆಲಸದವರ ಉಸ್ತುವಾರಿ ನೋಡುವ ಮುಕಾದಮನೂ ಕಾರ್ಡನ್ನೇ ತೋರಿಸಿದನಂತೆ. ಟೆಂಪೋ ಓಡಿಸುವ ಅವಳ ಮಗ, ಅವ್ವಗ ಕೆಲಸ ಮಾಡಾಕ ಮನಸ್ಸಿಲ್ಲ ಅಷ್ಟ, ಎಂದು ನನ್ನ ಮುಂದೆಯೇ ಅಂದ. ನಾನು ಅವನನ್ನು ಗದರಿಸಲಿಲ್ಲ. ಬದಲಿಗೆ ಅವಳಿಗೇ ಬುದ್ಧಿ ಹೇಳಿದೆ. “ಕಂಬ ಹಸರ ತೋರಸಾಕತ್ತೈತಿ ಅಂದ್ರ ನಿನ್ನ ಎದಿ ಗಟ್ಟಿ ಐತಿ ಅಕ್ಕಾ. ಸುಮ್ಮನ ಅಂಜಬ್ಯಾಡ. ಅದರ ಲೆಕ್ಕ ಮಾಡೂದು ನನ್ನ ಗಡಿಗಿ.”

ಈ ಮಾತನ್ನು ಬರೆಯುವಾಗ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಅದಾಗಿ ಒಂದು ಶನಿವಾರ ಹೆಸರುಬೇಳೆ ಪಾಯಸ ಮಾಡಿದ್ದೆ. ಗುರವ್ವಕ್ಕನಿಗೆ ಒಂದು ಡಬರಿ ಕಳಿಸಿದೆ. ಸಂಜೆ ಅವಳೇ ಡಬರಿ ಹಿಡಿದು ಬಂದಳು. ಮೂರು ಮನೆ ದಾಟಿ ಬರುವಷ್ಟರಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಿದ್ದಳು. ಡಬರಿ ಕೈಗೆ ತೆಗೆದುಕೊಂಡೆ. ಹಗುರವಿತ್ತು. ಒಳಗೆ ನೋಡಿದೆ. ತೊಳೆದು ಒರೆಸಿದ್ದಳು, ತಳದಲ್ಲಿ ನನ್ನ ಮುಖ ಕಾಣುವಷ್ಟು. ಮೂವತ್ತು ವರ್ಷದಲ್ಲಿ ಅವಳ ಮನೆಯಿಂದ ಖಾಲಿ ಬಂದ ಮೊದಲ ಪಾತ್ರೆ ಅದು.

“ತಪ್ಪ ತಿಳಕೋಬ್ಯಾಡ,” ಎಂದಳು. ಒಂದೊಂದು ಮಾತಿಗೂ ನಿಂತು ಉಸಿರೆಳೆಯುತ್ತಿದ್ದಳು. “ಸಕ್ಕರಿ ಡಬ್ಬಿ... ಮ್ಯಾಲಿನ ಹಲಗಿ ಮ್ಯಾಗ ಐತಿ. ಕೈ ಎತ್ತಿದ್ರ... ದಮ್ಮ ಹತ್ತತೈತಿ.”

ಆ ಪಾತ್ರೆಯಲ್ಲಿ ಒಂದು ಚಮಚ ಸಕ್ಕರೆ ಇದ್ದಿದ್ದರೆ ನಾನು ಅವಳ ಮುಖವನ್ನು ನೋಡದೆ ಡಬರಿ ಒಳಗಿಟ್ಟು, ಕೂಡ್ರು ಅಕ್ಕಾ ಎಂದು ಹರಟೆಗೆ ಶುರುವಿಡುತ್ತಿದ್ದೆ. ಖಾಲಿ ಇದ್ದುದರಿಂದ ನೋಡಿದೆ. ತುಟಿ ನೀಲಿಗಟ್ಟಿತ್ತು. ಕೊರಳ ಬುಡದ ಗುಂಡಿ ಪ್ರತಿ ಉಸಿರಿಗೂ ಒಳಗೆ ಹೋಗುತ್ತಿತ್ತು.

ಒಳಗೆ ಕೂರಿಸಿ, ಕಂಬ ಊದುವಾಗ ಏನಾಗುತ್ತದೆ ಎಂದು ಕೇಳಿದೆ. ಇಷ್ಟು ದಿನ ಕೇಳಿರದ ಪ್ರಶ್ನೆ. ಊದುವುದೆಲ್ಲಿ ಬಂತು ಎಂದಳು. ಮೂರು ಸಲ ಬಾಯಿ ಹಚ್ಚುತ್ತಾಳಂತೆ, ಮೂರು ಸಲವೂ ಅದು ಕುಂಯ್ ಎನ್ನುತ್ತದಂತೆ, ಆಮೇಲೆ ಹಿಂದಿನವರಿಗೆ ತಡವಾಗಬಾರದೆಂದು ಗೇಟು ತಾನೇ ತೆರೆಯುತ್ತದಂತೆ. ಮೊದಮೊದಲು ಸೋಮವಾರ ಮಾತ್ರ ಹಾಗಾಗುತ್ತಿತ್ತು. ಈಗ ಒಂದು ವರ್ಷದಿಂದ ವಾರವೆಲ್ಲ ಅದೇ. ಮತ್ತೆ ಕಾರ್ಡು ಹಸಿರು ಬರುತ್ತದಲ್ಲ ಎಂದೆ. “ಮಶಿನ್ ಅಲ್ಲನವ್ವಾ. ಊದದಿದ್ರೂ... ಒಳಗಿಂದ ತಿಳಕೋತೈತಿ ಅಂದ್ಕೊಂಡಿದ್ದೆ,” ಎಂದಳು.

ಅವಳ ಕಾರ್ಡಿನ ಅಂಕಿಗಳನ್ನು ಫೋನಿನಲ್ಲಿ ತೆಗೆದೆ. ಶುಕ್ರವಾರ ನಿಮಿಷಕ್ಕೆ 402 ಲೀಟರ್. ಗುರುವಾರ 400. ಬುಧವಾರ 401. ಐವತ್ತಾರು ವರ್ಷದ, ಬಾಗಿಲು ಹಿಡಿದು ನಿಲ್ಲುವ ಹೆಂಗಸಿನ ಉಸಿರಲ್ಲ ಅದು. ಕಂಬ ಅಂಕಿಗಳನ್ನು ಜನ ನಿಂತ ಸರದಿಯಂತೆಯೇ ಒಂದರ ಕೆಳಗೊಂದು ಬರೆಯುತ್ತದೆ. ಸಾಲಿನಲ್ಲಿ ನಿನ್ನ ಮುಂದೆ ಹಿಂದೆ ಯಾರು ನಿಲ್ಲುತ್ತಾರೆ ಎಂದೆ. ನಮ್ಮದೇ ಓಣಿಯ ಇಬ್ಬರು ಹುಡುಗಿಯರು, ಈ ವರ್ಷ ಕೆಲಸಕ್ಕೆ ಸೇರಿದವರು. ದಾರಿಯಲ್ಲಿ ಅವಳಿಗೆ ಸುಸ್ತಾಗುತ್ತದೆಂದು ಇಬ್ಬರೂ ಎರಡು ಕಡೆ ರಟ್ಟೆ ಹಿಡಿದು ಕರೆದೊಯ್ಯುತ್ತಾರೆ. ಸಾಲಿನಲ್ಲಿಯೂ ಒಬ್ಬಳು ಮುಂದೆ, ಒಬ್ಬಳು ಹಿಂದೆ. ಅವರ ಮನೆಗೆ ಹೋಗಿ ಕಾರ್ಡು ಕೇಳಿದೆ. ಶುಕ್ರವಾರ ಒಬ್ಬಳದು 418, ಇನ್ನೊಬ್ಬಳದು 386. ಗುರುವಾರ 409, 391. ಬುಧವಾರ 422, 380. ಕೂಡಿಸಿ ಎರಡರಿಂದ ಭಾಗಿಸಲು ನನಗೆ ಕಂಪ್ಯೂಟರ್ ಬೇಕಿರಲಿಲ್ಲ.

ಅವಳನ್ನು ಪ್ರೀತಿಯಿಂದ ಹಿಡಿದು ನಡೆಸಿದ ಇಬ್ಬರ ಉಸಿರನ್ನು ತೆಗೆದು ನನ್ನ ಗಡಿಗೆ ಅವಳ ಹೆಸರಿಗೆ ಹಾಕಿತ್ತು. ಆರೋಗ್ಯ ಪೂರ್ತಿ ಕೆಟ್ಟವರೇ ಊದಲಾರರು. ಊದಲಾರದವರ ಚೌಕವೇ ಖಾಲಿ. ಖಾಲಿ ಚೌಕಕ್ಕೇ ನನ್ನ ಸಕ್ಕರೆ.

ಸೋಮವಾರ ಉಸಿರು ಕೇಂದ್ರಕ್ಕೆ ಹೋದೆ. ಅಲ್ಲಿಯ ನಿರ್ದೇಶಕರು ಮಠಪತಿಯವರು, ಒಳ್ಳೆಯ ಮನುಷ್ಯ, ನನ್ನನ್ನು ಕಂಡರೆ ಎದ್ದು ನಿಲ್ಲುವವರು. ಕಂಟ್ರೋಲ್ ರೂಮಿನ ಗೋಡೆಯ ತುಂಬ ನಕಾಶೆ. ಅದರ ಮೇಲೆ ಸಾವಿರಾರು ಹಸಿರು ಚುಕ್ಕಿ. ನಾಲ್ಕು ವರ್ಷದಿಂದ ಒಂದೂ ಖಾಲಿ ಚೌಕವಿಲ್ಲದ ಕೇಂದ್ರ ನಮ್ಮದು ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ನಾನು ಕಂಬಗಳ ಹೊಟ್ಟೆಯಲ್ಲಿ ಉಳಿದಿರುವ ಮೂಲ ಅಂಕಿ ಬೇಕೆಂದೆ. ತೊಂಬತ್ತು ದಿನದ್ದು ಮಾತ್ರ ಇರುತ್ತದೆ, ಹಿಂದಿನದೆಲ್ಲ ಅಳಿಸಿಹೋಗಿರುತ್ತದೆ ಎಂದರು. ಇದ್ದಷ್ಟನ್ನು ತೆಗೆದು, ಗಡಿಗೆಗೆ ಹಾಕದೆ, ಹಳೆಯ ಕಾಲದವರಂತೆ ಬರಿಗಣ್ಣಲ್ಲಿ ನೋಡಿದೆವು. ಅರ್ಧಕ್ಕಿಂತ ಹೆಚ್ಚು ದಿನ ಖಾಲಿ ಇರುವವರು ಹನ್ನೊಂದು ಸಾವಿರದ ಇನ್ನೂರ ಅರವತ್ತನಾಲ್ಕು ಜನ. ಅರಳೆ ಮಿಲ್ಲುಗಳ ಸಾಲಿನಲ್ಲಿ ಪ್ರತಿ ಸೋಮವಾರ ಖಾಲಿ ಚೌಕಗಳು ಒಮ್ಮೆಗೇ ಏರಿ, ವಾರ ಕಳೆದಂತೆ ಇಳಿಯುತ್ತಿದ್ದವು. ಒಂದು ದಿನ ಧೂಳು ತಪ್ಪಿ ಮತ್ತೆ ಧೂಳಿಗೆ ಹೋದ ಎದೆ ಮೊದಲ ದಿನ ಬಿಗಿಯುತ್ತದೆ. ಅರಳೆಯ ರೋಗದ ಮೊದಲ ಗುರುತೇ ಅದು ಎಂದು ಯಾವುದೇ ವೈದ್ಯಪುಸ್ತಕದಲ್ಲೂ ಇದೆ. ಗುರವ್ವಕ್ಕ ಅದನ್ನು ನನ್ನ ಕಟ್ಟೆಯ ಮೇಲೆ ಕೂತು ಅರ್ಧ ಹೇಳಿದ್ದಳು. ಇನ್ನರ್ಧವನ್ನು ಬೇಸರವೆಂದು ತುಂಬಿದವಳು ನಾನು.

ಮಠಪತಿಯವರು ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿ ಬಂದರು. ಆಮೇಲೆ ಮೆಲ್ಲಗೆ, ಮುಂದಿನ ಆವೃತ್ತಿಯಲ್ಲಿ ಸರಿಪಡಿಸಿಬಿಡೋಣ, ಯಾರಿಗೂ ಗಾಬರಿಯಾಗದ ಹಾಗೆ, ಎಂದರು. ಹಸಿರು ಚುಕ್ಕಿಗಳು ಒಂದೊಂದಾಗಿ ಕೆಂಪಾಗುತ್ತವೆ, ಹಿಂದಿನದನ್ನು ಯಾರು ಕೇಳುತ್ತಾರೆ ಎಂಬುದು ಅವರ ಮಾತು. ಆಮೇಲೆ ನನ್ನ ಕಡೆ ತಿರುಗಿ, “ನಿಮ್ಮ ಎರಡನೇ ಗುರಿನೂ ಅದ ಅಲ್ಲೇನ್ರಿ ಮೇಡಮ್? ಹೊಲಿಗಿ ಹೊರಗ ಕಾಣಬಾರದು,” ಎಂದರು. ಕುಹಕದಿಂದ ಅಂದದ್ದಲ್ಲ. ನನ್ನನ್ನು ಉಳಿಸಲೆಂದೇ ಅಂದದ್ದು.

ಆಗಲಿ ಎಂದು ಹೇಳಿ ಬಂದೆ. ಸುಳ್ಳು ಹೇಳುವುದಿಲ್ಲ, ಆಗಲಿ ಎಂದೆ. ಎರಡು ದಿನ ಮನೆಯ ಕಿಟಕಿಯನ್ನೂ ತೆರೆಯಲಿಲ್ಲ. ಗುರವ್ವಕ್ಕ ಕೆಲಸಕ್ಕೆ ಹೋಗುವ ಹೊತ್ತಿಗೆ ಒಳಗಿನ ಕೋಣೆಗೆ ಹೋಗಿ ಕೂರುತ್ತಿದ್ದೆ. ಗೋಡೆಯಾಚೆ ಅವಳ ಕೆಮ್ಮು ಕೇಳುತ್ತಿತ್ತು, ಆಚೀಚೆ ಆ ಹುಡುಗಿಯರ ನಗು. ಫರ್ಹಾನಾಳ ಹಳೆಯ ಪತ್ರವನ್ನು ತೆಗೆದು ಓದಿದೆ. ಆರು ವರ್ಷದ ಹಿಂದಿನದು. ಆರು ವರ್ಷದಲ್ಲಿ ಎಷ್ಟು ಚೌಕ ತುಂಬಿದ್ದೇನೋ, ಆ ಚೌಕಗಳ ಹಿಂದೆ ಇದ್ದವರು ಈಗ ಇದ್ದಾರೋ ಇಲ್ಲವೋ, ಅದನ್ನು ಹೇಳಬಲ್ಲ ಅಂಕಿ ಈ ಭೂಮಿಯ ಮೇಲೆ ಎಲ್ಲಿಯೂ ಇಲ್ಲ. ಗುರುತು ಇಡಬೇಡ ಎಂದವಳು ನಾನು.

ಫರ್ಹಾನಾಳಿಗೊಂದು ಪತ್ರ ಬರೆದೆ. ಕ್ಷಮೆ ಕೇಳುವ ಮಾತುಗಳನ್ನು ಬರೆದು, ಅಳಿಸಿ, ಕೊನೆಗೆ ನಡೆದದ್ದನ್ನಷ್ಟೇ ಬರೆದೆ. ಒಂದು ಗಂಟೆಯಲ್ಲಿ ಉತ್ತರ ಬಂತು. ಆಗ ಅವಳು ಕ್ವಾರಿಯವರ ಉಸಿರಿನ ಮೇಲೆ ಪ್ರಬಂಧ ಬರೆಯುತ್ತಿದ್ದಳಂತೆ. ಅಂಕಿಗಳು ತೀರ ನುಣ್ಣಗೆ ಬರುತ್ತಿದ್ದವು, ನಂಬಿಕೆ ಬರಲಿಲ್ಲ, ಬಿಟ್ಟೆ, ಈಗ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತೇನೆ ಎಂದಿತ್ತು. ಕೊನೆಯ ಸಾಲು: “ಗುರುತು ಇಡುವಾಗ ಸೊನ್ನೆ ಹಾಕಬೇಡಿ ಮೇಡಮ್. ಸೊನ್ನೆ ಕೂಡ ಒಂದು ಉತ್ತರ.” ನನ್ನ ಮೇಲೆ ಒಂದು ಬೈಗುಳವಿಲ್ಲ. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತು.

ಗುರುವಾರ ಸಂಜೆ ಗುರವ್ವಕ್ಕನ ಮನೆಗೆ ಹೋದೆ. ಅವಳು ಗೋಡೆಗೆ ಎರಡು ದಿಂಬು ಒರಗಿಸಿ ಕೂತಿದ್ದಳು; ಮಲಗಿದರೆ ಉಸಿರು ಕಟ್ಟುತ್ತದಂತೆ. ಮಗನೂ ಇದ್ದ. ಇಬ್ಬರ ಮುಂದೆಯೂ ಹೇಳಿದೆ. ಕೋಡು, ಸರಾಸರಿ ಎಂದು ಶುರು ಮಾಡಿ, ಅವಳು ಕಣ್ಣು ಕಿರಿದು ಮಾಡಿದ್ದನ್ನು ಕಂಡು ಬಿಟ್ಟು, ನೀನು ಊದದೇ ಇದ್ದಾಗ ಆ ಹುಡುಗಿಯರ ಉಸಿರನ್ನು ನಿನ್ನ ಹೆಸರಿಗೆ ಬರೆದದ್ದು ನನ್ನ ಗಡಿಗೆ, ಹಾಗೆ ಬರೆಯಲು ಹೇಳಿದವಳು ನಾನು, ಎಂದೆ. ನೆಲ ನೋಡುತ್ತ ಕೂತೆ. ಅವಳು ಶಪಿಸುತ್ತಾಳೆ ಎಂದುಕೊಂಡಿದ್ದೆ.

“ಹಂಗಾದ್ರ,” ಎಂದಳು, “ನಾ ಸುಳ್ಳ... ಹೇಳಿದ್ದಿಲ್ಲ.”

ನನ್ನನ್ನು ನೋಡಿ ಅಂದದ್ದಲ್ಲ. ಮಗನನ್ನು ನೋಡಿ. ಅವನು ಎದ್ದು ಹೊರಗೆ ಹೋಗಿ ಟೆಂಪೋದ ಬಾಗಿಲು ತೆಗೆದು, ಹಾಕಿ, ಮತ್ತೆ ತೆಗೆದು, ಹೊರಗೇ ನಿಂತ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ರೋಗವಿದೆ ಎಂದು ತಿಳಿದು ಸಮಾಧಾನಪಡುವ ಸ್ಥಿತಿಗೆ ಒಬ್ಬಳನ್ನು ನಾವೆಲ್ಲ ಸೇರಿ ತಂದಿಟ್ಟಿದ್ದೆವು.

ಮರುದಿನ ಅವನೇ ಟೆಂಪೋದಲ್ಲಿ ನಮ್ಮಿಬ್ಬರನ್ನೂ ದೊಡ್ಡ ದವಾಖಾನೆಗೆ ಕರೆದೊಯ್ದ. ಅಲ್ಲಿಯ ಡಾಕ್ಟರಮ್ಮ ಕಾರ್ಡು ಕೇಳಿದಾಗ, ಅದನ್ನು ಆಮೇಲೆ ನೋಡಿ, ಮೊದಲು ಎದೆಗೆ ಕಿವಿ ಕೊಡಿ ಎಂದೆ. ಅರ್ಧ ಉಸಿರು ಹೋಗಿದೆ, ಅದು ತಿರುಗಿ ಬರುವುದಿಲ್ಲ, ಧೂಳು ಬಿಟ್ಟರೆ ಉಳಿದದ್ದು ಉಳಿಯುತ್ತದೆ ಎಂದರು. ಹೋದ ವರ್ಷವೇ ಬರಬೇಕಿತ್ತು ಎಂದೂ ಅಂದರು. ಆದರೆ ಕೆಲಸ ಬದಲಿಸಲು ಅವರ ಚೀಟಿ ನಡೆಯುವುದಿಲ್ಲ. ಕಾನೂನು ಕೇಳುವುದು ಕಂಬದ ದಾಖಲೆಯನ್ನು. ಕಂಬದ ದಾಖಲೆಯಲ್ಲಿ ಅವಳು ಗಟ್ಟಿ.

ಮನೆಗೆ ಬಂದು ಕಂಪ್ಯೂಟರ್ ಮುಂದೆ ಕೂತೆ. ಕೈಪಿಡಿಯಿಂದ ಮೂರು ಗುರಿಗಳ ಪುಟವನ್ನು ತೆಗೆದು ಹಾಕಲಿಲ್ಲ. ತೆಗೆದರೆ ಅದೂ ಒಂದು ಕಾಣದ ಹೊಲಿಗೆಯೇ. ಅವುಗಳ ಮೇಲೆ ಗೆರೆ ಎಳೆದು, ಓದಲು ಬರುವಂತೆ ಉಳಿಸಿ, ಕೆಳಗೆ ಬರೆದೆ: ಈ ಲೈಬ್ರರಿ ಇಲ್ಲದ ಅಳತೆಗಳನ್ನು ಇದೆ ಎಂದು ತೋರಿಸಿದೆ. ಗುರುತು ಇಡಿ ಎಂದು ಹೇಳಿದವರ ಮಾತನ್ನು ನಾನು ನಕ್ಕು ತಳ್ಳಿದೆ. ಇದರಿಂದ ರೋಗ ಮುಚ್ಚಿಹೋದವರ ಪೂರ್ತಿ ಸಂಖ್ಯೆ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಕೆಳಗೆ ನನ್ನ ಹೆಸರು, ಊರು. ಹೊಸ ಗಡಿಗೆಯಲ್ಲಿ ಖಾಲಿ ಚೌಕ ಖಾಲಿಯೇ ಇರುತ್ತದೆ, ಲೆಕ್ಕ ಅಲ್ಲಿಯೇ ನಿಲ್ಲುತ್ತದೆ. ಮುಂದೆ ಹೋಗಬೇಕಾದರೆ ಮನುಷ್ಯರೊಬ್ಬರು ಯಾಕೆ ಖಾಲಿ ಎಂದು ಕೇಳಿ ಬರೆಯಬೇಕು.

ಬೈಗುಳ ಬಂದವು, ದಿನಕ್ಕೆ ನೂರು. ಯಾವುದೂ ಅನ್ಯಾಯದ್ದಾಗಿರಲಿಲ್ಲ. ಮಠಪತಿಯವರು ಮೂರನೇ ದಿನ ಫೋನ್ ಮಾಡಿ ಕೇಳಿದರು: “ಊದಾಕ ಆಗದವರ ಮುಂದ ಕಂಬದ ಮ್ಯಾಲೆ ಏನಂತ ಬರೀಲಿ ಹೇಳ್ರಿ.”

ಹದಿನೈದು ದಿನದ ಮೇಲೆ ಒಂದು ಸೋಮವಾರ ಗುರವ್ವಕ್ಕನ ಜೊತೆ ನಾನೂ ಮಿಲ್ಲಿಗೆ ಹೋದೆ. ಹುಡುಗಿಯರು ಎಂದಿನಂತೆ ಎರಡು ಕಡೆ. ಸಾಲಿನಲ್ಲಿ ಇನ್ನೂರು ಹೆಂಗಸರಿದ್ದರು. ಅವಳು ಕೊಳವೆಗೆ ಬಾಯಿ ಹಚ್ಚಿದಳು. ಕುಂಯ್. ಇನ್ನೊಮ್ಮೆ. ಮತ್ತೊಮ್ಮೆ. ಗೇಟು ತೆರೆಯಲಿಲ್ಲ. ಕಂಬದ ಮೇಲೆ ಅಕ್ಷರ ಮೂಡಿದವು: ಅಳತೆ ಸಿಕ್ಕಿಲ್ಲ. ಇವರನ್ನು ಕೇಳಿ.

ಹಿಂದಿನಿಂದ ಯಾರೋ, ಯಾರವ್ವಾ ಮುಂದ, ಇಲ್ಲೇ ಸಂಸಾರ ಹೂಡೀರೇನು, ಎಂದರು. ನಾಲ್ಕಾರು ಜನ ನಕ್ಕರು. ಮುಕಾದಮ ಕಾಗದ ಹಿಡಿದು ಬಂದ. ಕಂಬದ ಮೇಲಿನದನ್ನು ಓದಿ, ಅವಳನ್ನು ನೋಡಿ, ಮತ್ತೆ ಕಂಬ ನೋಡಿ, ಗಂಟಲು ಸರಿಮಾಡಿಕೊಂಡ. “ಏನಾಗ್ತೈತಿ ಗುರವ್ವಾ ನಿನಗ?”

ಅವಳು ಕಂಬಕ್ಕೆ ಕೈಯಾನಿಸಿ ನಿಂತಳು. “ಸೋಮವಾರ ಬಂತಂದ್ರ,” ಎಂದಳು. ನಿಂತಳು. “ನನಗ...”

ಆ ಹೊತ್ತು ಎಷ್ಟು ಉದ್ದವಿತ್ತೆಂದು ನಾನು ಹೇಳಲಾರೆ. ಇನ್ನೂರು ಜನ ನಿಂತಿದ್ದರು. ಮುಕಾದಮನ ಪೆನ್ನು ಕಾಗದದ ಮೇಲೆ ನಿಂತಿತ್ತು. ಮುಂದಿನ ಮಾತು ನನಗೆ ಗೊತ್ತಿತ್ತು, ನಾಲಿಗೆಯ ತುದಿಯಲ್ಲಿತ್ತು, ನಾನು ಅದನ್ನು ಹಲ್ಲಿನಿಂದ ಕಚ್ಚಿ ಹಿಡಿದು ತಲೆ ತಗ್ಗಿಸಿ ನಿಂತೆ. ನಗುವವರು ಸುಮ್ಮನಾದರು. ಅವಳು ಒಂದು ಉಸಿರು ಎಳೆದಳು, ಇನ್ನೊಂದು ಎಳೆದಳು. ಅವಳೇ ಹೇಳಿ ಮುಗಿಸುವವರೆಗೆ ಯಾರೂ ಬಾಯಿ ಹಾಕಲಿಲ್ಲ.